ಅವ್ವನ ಅಂಗಾಲು

ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ನಗುವುದಕ್ಕೇನಿದೆ ಎಂದು ಕೇಳುವವರು ನಮ್ಮವ್ವನನ್ನು ನೋಡಿದವರಲ್ಲ. ಅವಳ ಕಾಲು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗಿನಿಂದ ವಾರಕ್ಕೊಂದಾದರೂ ನಗುವಂಥದ್ದು ನಡೆಯುತ್ತಲೇ ಇತ್ತು.

ನಾನು ಬೇಗೂರಿನ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಮನೆ ಗುಂಡ್ಲುಪೇಟೆಯಲ್ಲಿ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಅವ್ವ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಮೆಟ್ಟಿಲು ಇಳಿಯುವ ಧೈರ್ಯ ಮಾತ್ರ ಮತ್ತೆ ಬರಲಿಲ್ಲ. ವಾಕರ್ ಹಿಡಿದುಕೊಂಡು ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ. ಅಷ್ಟೇ ಅವಳ ಓಡಾಟ. ಸಕ್ಕರೆ ಕಾಯಿಲೆ ಇರುವುದೂ ಆಸ್ಪತ್ರೆಯಲ್ಲಿದ್ದಾಗಲೇ ಗೊತ್ತಾಯಿತು. ಡಾಕ್ಟರು ನೈಲಾನ್ ದಾರದಂಥದ್ದೊಂದನ್ನು ಅವಳ ಅಂಗಾಲಿಗೆ ಒತ್ತಿ ಒತ್ತಿ ನೋಡಿದರು. ಅವ್ವ ಕಿಟಕಿಯಾಚೆ ನೋಡುತ್ತಾ ಆರಾಮವಾಗಿ ಮಲಗಿದ್ದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ಪಾದಕ್ಕೆ ಸ್ಪರ್ಶ ಇಲ್ಲ. ಗಾಯ ಆದ್ರೂ ಅವರಿಗೆ ಗೊತ್ತಾಗಲ್ಲ. ನೀವೇ ದಿನಾ ನೋಡ್ಬೇಕು. ಅಸಡ್ಡೆ ಮಾಡಿದ್ರೆ ಕಾಲೇ ಹೋಗ್ಬಹುದು" ಎಂದರು.

ಇದ್ಯಾರ ಕಾಲು?

ಶಾಲೆಯಲ್ಲಿ ಸೋಮವಾರ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಉಗುರು ನೋಡುವುದು ನನ್ನ ಕೆಲಸ. ಈಗ ದಿನಾ ಸಂಜೆ ಅವ್ವನ ಕಾಲು. ಮೊದಲ ದಿನವೇ ಅವಳು ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು.

"ಉಗ್ರು ನೋಡಾ ಬುದ್ಧಿಯ ಇಸ್ಕೂಲಲ್ಲೇ ಬುಟ್ಟು ಬಾ ಕಣ್ಲಾ."

"ಡಾಕ್ಟ್ರು ಹೇಳವ್ರ ಕಣವ್ವ."

"ನನ್ ಕಾಲು, ನಾನೇ ನೋಡ್ಕತೀನಿ ಬುಡು."

ನೋಡಿಕೊಳ್ಳಲು ಸೊಂಟ ಬಗ್ಗಬೇಕಲ್ಲ! ಎರಡು ಸಲ ಪ್ರಯತ್ನಪಟ್ಟು ಸುಮ್ಮನಾದಳು. ನನಗೊಂದು ಉಪಾಯ ಹೊಳೆಯಿತು. ಗಡ್ಡ ಕೆರೆದುಕೊಳ್ಳುವ ಕನ್ನಡಿ ತಂದು ನೆಲದ ಮೇಲಿಟ್ಟು, ಅವಳ ಕಾಲನ್ನು ಮೆಲ್ಲಗೆ ಎತ್ತಿ ಹಿಡಿದು, "ಈಗ ನೋಡು" ಎಂದೆ. ಅವ್ವ ಕತ್ತು ಆ ಕಡೆ ಈ ಕಡೆ ಆಡಿಸಿ ಕನ್ನಡಿಯೊಳಗೆ ಇಣುಕಿದಳು. ಒಡೆದ ಹಿಮ್ಮಡಿ, ಹೆಬ್ಬೆರಳಿನ ಬುಡದಲ್ಲಿ ಗಟ್ಟಿಯಾದ ಚರ್ಮ. ಅವಳ ಮುಖ ಬಿಗಿಯಿತು.

"ಇದ್ಯಾರ ಕಾಲ್ಲಾ?"

"ನಿಂದೇ ಕಣವ್ವ."

"ಸುಳ್ಳೇಳ್ಬ್ಯಾಡ. ಇದು ನಮ್ಮತ್ತೆ ಕಾಲು. ಅಷ್ಟು ವರ್ಸ ದಿನಾ ಒತ್ತಿವ್ನಿ, ನಂಗ ಗೊತ್ತಿಲ್ವಾ?"

ನಾನು ನಕ್ಕೆ. ಅವಳು ನಗಲಿಲ್ಲ. ಇನ್ನೊಂದು ಸಲ ದಿಟ್ಟಿಸಿ ನೋಡಿ, ಉಸಿರುಬಿಟ್ಟು ಹೇಳಿದಳು:

"ಬದುಕಿರಗಂಟ ತಲೆ ಮ್ಯಾಲ ಕುಂತಿದ್ಲು. ಈಗ ಕಾಲ್ ಕೆಳಕ್ಕ ಬಂದು ಸೇರ್ಕಂಡವ್ಳ."

ಪಾದಪೂಜೆ

ಕಾಲು ತೊಳೆಯುವುದಕ್ಕೂ ಕ್ರಮವಿತ್ತು. ನೀರು ಉಗುರುಬೆಚ್ಚಗಿರಬೇಕು. ಅವ್ವನ ಕಾಲಿಗೆ ಬಿಸಿ ತಿಳಿಯದ್ದರಿಂದ ಮೊದಲು ನನ್ನ ಮೊಣಕೈ ಅದ್ದಿ ನೋಡಬೇಕು. ತೊಳೆದಮೇಲೆ ಹಳೇ ಪಂಚೆಯಲ್ಲಿ ಒತ್ತಿ ಒರೆಸಬೇಕು, ಬೆರಳ ಸಂದಿಯಲ್ಲಿ ಪಸೆ ಉಳಿಯಬಾರದು. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಸರಿ, ಸಂದಿಗೆ ಬೇಡ. ಇಷ್ಟನ್ನೂ ನಾನು ಬೆಳಕಿರಲೆಂದು ಬೀದಿಬಾಗಿಲ ಎದುರಿಗೆ ಮಣೆ ಹಾಕಿಕೊಂಡು ಮಾಡುತ್ತಿದ್ದೆ.

ಎದುರು ಮನೆಯಲ್ಲಿ ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬರಿದ್ದರು. ಅವರು ನಾಲ್ಕು ದಿನ ಇದನ್ನು ನೋಡಿದರು. ಐದನೆಯ ದಿನ ಇಡೀ ಬೀದಿಗೆ ಸುದ್ದಿ ಮುಟ್ಟಿತ್ತು: ಮೇಷ್ಟ್ರು ದಿನಾ ಸಂಜೆ ಹೆತ್ತ ತಾಯಿಯ ಪಾದಪೂಜೆ ಮಾಡುತ್ತಾರೆ. ಸರ್ವಿಸಿನಲ್ಲಿದ್ದಾಗ ಒಂದು ಕಾಗದವನ್ನೂ ಅವರು ಅಷ್ಟು ಬೇಗ ಮುಟ್ಟಿಸಿರಲಿಲ್ಲ.

ಒಂದು ಸಂಜೆ ಪಕ್ಕದ ಬೀದಿಯ ಹಾಲಿನ ಹೆಂಗಸು, ಮೀಸೆ ಬಂದ ಇಬ್ಬರು ಮಕ್ಕಳನ್ನು ಎಳೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದಳು.

"ನೋಡ್ಕಳ್ರಲಾ. ಹೆತ್ತವ್ವನ ಹೆಂಗ ನೋಡ್ಕಬೇಕು ಅಂತ ಕಣ್ಬುಟ್ಟು ನೋಡ್ಕಳಿ."

ನನಗೆ ನಾಚಿಕೆಯಾಯಿತು. "ಅಯ್ಯೋ, ಇದು ಡಾಕ್ಟ್ರು ಹೇಳಿದ್ದು..." ಎಂದು ಬಾಯಿ ತೆಗೆದೆ.

"ಸುಮ್ಕಿರ್ಲಾ, ಬಂದೋರ್ ಮುಂದ ಸುಗರ್ ಇಸ್ಯ ಯಾಕ?" ಎಂದು ಅವ್ವ ಹಲ್ಲಿನ ಸಂದಿಯಲ್ಲೇ ಗದರಿಸಿ, ಗಂಭೀರವಾಗಿ ಇನ್ನೊಂದು ಕಾಲು ಮುಂದಕ್ಕೆ ಚಾಚಿದಳು. ಬಲಗೈ ತಾನಾಗಿ ಆಶೀರ್ವಾದಕ್ಕೆ ಎದ್ದಿತ್ತು. ದೊಡ್ಡ ಮಗ ಗಾಬರಿಯಾಗಿ ಕೈಮುಗಿದ. ಚಿಕ್ಕವನು ತಾಯಿಯ ಕಡೆ ತಿರುಗಿ, "ಅವ್ವಾ, ನಾಳಿಂದ ನಿಂಗೂ ಮಾಡ್ಬೇಕಾ?" ಅಂದ.

ಆಕೆ ತನ್ನ ಕಾಲನ್ನೊಮ್ಮೆ ನೋಡಿಕೊಂಡು, ಸೀರೆ ಕೆಳಗೆಳೆದು ಮುಚ್ಚಿದಳು.

"ನಂಗ ಬ್ಯಾಡಪ್ಪ. ಕಚಗುಳಿ ಆಯ್ತದ."

ಓಲೆಯ ತಿರುಪು

ಒಂದು ಭಾನುವಾರ ಅವ್ವನ ಎಡಗಿವಿಯ ಓಲೆಯ ತಿರುಪು ಕಾಣೆಯಾಯಿತು. ಮಂಚದ ಕೆಳಗೆ, ಅಕ್ಕಿ ಡಬ್ಬದಲ್ಲಿ, ಬಚ್ಚಲ ತೂಬಿನಲ್ಲಿ, ಎಲ್ಲ ಕಡೆ ಹುಡುಕಿದೆವು. ಸಿಗಲಿಲ್ಲ. ಅವ್ವ ತೀರ್ಪು ಕೊಟ್ಟಳು: "ನಿನ್ನೆಂಡ್ತಿ ಗುಡ್ಸಿ ಬೀದಿಗ ಹಾಕ್ಬುಟ್ಟವ್ಳ."

ನನ್ನ ಹೆಂಡತಿ ಪೊರಕೆ ಮೂಲೆಗಿಟ್ಟು ಮಾತು ಬಿಟ್ಟಳು. "ಅವಳೇನು ಬೇಕೂಂತ ಹಾಕಿದ್ಲಾ?" ಎಂದ ತಪ್ಪಿಗೆ ಅವ್ವ ನನ್ನ ಮೇಲೂ ಮುನಿಸಿಕೊಂಡಳು. ಸಂಜೆ ಬೋಗುಣಿ ತಂದರೆ ಕಾಲು ಕೊಡಲಿಲ್ಲ. "ಓಗು, ನಿನ್ನೆಂಡ್ತಿ ಕಾಲೇ ತೊಳ್ಕ." ಮಾರನೆಯ ದಿನವೂ ಅದೇ ಮಾತು.

ಮೂರನೆಯ ಸಂಜೆ ನನ್ನ ಹೆಂಡತಿಯೇ ತುಟಿ ಬಿಚ್ಚದೆ ಬೋಗುಣಿ ತಂದಿಟ್ಟು, ಮಣೆಯ ಮೇಲೆ ಕುಳಿತು, ಅತ್ತೆಯ ಕಾಲು ಹಿಡಿದಳು. ಅವ್ವನಿಗೂ ಬೇಡವೆನ್ನಲು ಬಾಯಿ ಬರಲಿಲ್ಲ, ಬೇಡವೆಂದರೆ ಸೊಸೆಯ ಜೊತೆ ಮಾತಾಡಿದಂತಾಗುತ್ತದಲ್ಲ! ಒರೆಸುವಾಗ ಬಿಳಿ ಪಂಚೆಯ ಮೇಲೆ ಕೆಂಪು ಚುಕ್ಕಿ ಕಂಡಿತು.

"ರೀ, ಬೇಗ ಬನ್ನಿ."

ಹಿಮ್ಮಡಿಯಲ್ಲಿ ಏನೋ ಹೊಳೆಯುತ್ತಿತ್ತು. ಅವ್ವ ಕಳೆದುಕೊಂಡಿದ್ದ ತಿರುಪನ್ನು ಅವಳೇ ಮೆಟ್ಟಿ, ಒಳಕ್ಕೆ ನಾಟಿಸಿಕೊಂಡು, ಎರಡು ದಿನ ಅದರ ಮೇಲೇ ಓಡಾಡಿದ್ದಳು. ಸುತ್ತ ಕೆಂಪಗೆ ಊದಿತ್ತು. ಕೀಳಲು ಹೋಗದೆ ಆಟೋ ಕರೆಸಿ, ನಾನೂ ಪೋಸ್ಟ್‌ಮ್ಯಾನೂ ಅವ್ವನನ್ನು ಕುರ್ಚಿ ಸಮೇತ ಮೆಟ್ಟಿಲಿಳಿಸಿದೆವು. ವರ್ಷದ ಮೇಲೆ ಬೀದಿ ಕಂಡ ಅವ್ವ, ನಾವಿಬ್ಬರೂ ಬೆವರುತ್ತಿದ್ದರೆ, "ಈ ಮೊಬೈಲ್ ಅಂಗ್ಡಿ ಯಾವಾಗ ಬಂತ್ಲಾ?" ಎಂದು ಕೇಳುತ್ತಿದ್ದಳು.

ನರ್ಸಮ್ಮ ಇಕ್ಕಳದಲ್ಲಿ ತಿರುಪು ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಿದರು. ಟಣ್ ಎಂದಿತು. "ಅಜ್ಜಿ, ನೋವೇ ಆಗ್ಲಿಲ್ವಾ?" ಎಂದರು ಡಾಕ್ಟರು.

"ನೋವ್ಯಾಕ ಆದ್ದು ಬುದ್ಧಿ? ಚಿನ್ನ ಅಲ್ವಾ?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆದರೆ ನನಗೆ ಮಾತ್ರ, "ಇನ್ನು ನಾಲ್ಕು ದಿನ ಬಿಟ್ಟು ಬಂದಿದ್ರೆ ಕಷ್ಟ ಆಗ್ತಿತ್ತು. ನೋಡಿದೋರು ಯಾರೋ, ಅವರಿಂದ ಕಾಲು ಉಳೀತು" ಎಂದರು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಮೂರು ವಾರ ಡ್ರೆಸಿಂಗ್ ಆಗಿ ಗಾಯ ಮಾಯಿತು.

ಅಂದು ಹಿಂದಕ್ಕೆ ಬರುವಾಗ ಆಟೋದಲ್ಲಿ ಅವ್ವ ಮೂರು ದಿನದ ಮೌನ ಮುರಿದು ಸೊಸೆಯ ಕೈ ಹಿಡಿದುಕೊಂಡಳು. ಏನೋ ಒಳ್ಳೆಯ ಮಾತು ಬರುತ್ತದೆಂದು ನಾವಿಬ್ಬರೂ ಕಾದೆವು.

"ನೋಡು ಕಣಮ್ಮಿ," ಎಂದಳು ಅವ್ವ, "ನೀನು ಸರ್ಯಾಗಿ ಗುಡ್ಸಿದ್ರ ಇದು ನನ್ ಕಾಲ್ಗ ಸಿಕ್ತಿರ್ಲಿಲ್ಲ."

ಮನೆಯೊಳಗೆ ಚಪ್ಪಲಿ

ಇದಾದ ಮೇಲೆ ಡಾಕ್ಟರು ಕಟ್ಟುನಿಟ್ಟು ಮಾಡಿದರು. ಮನೆಯೊಳಗೂ ಬರಿಗಾಲಲ್ಲಿ ನಡೆಯುವಂತಿಲ್ಲ.

"ದೇವ್ರು ಇರಾ ಮನ್ಯೊಳಗ ಎಕ್ಕಡನಾ?" ಅವ್ವ ಎರಡು ದಿನ ಒಪ್ಪಲಿಲ್ಲ. ನಾನು ಅವಳ ಪಾದದ ಅಳತೆಯನ್ನು ಪೇಪರಿನ ಮೇಲೆ ಗೀಚಿಕೊಂಡು, ಚಾಮರಾಜನಗರಕ್ಕೆ ಹೋಗಿ, ಹಿಮ್ಮಡಿಗೆ ಪಟ್ಟಿ ಇರುವ ಮೆತ್ತನೆ ರಬ್ಬರಿನ ಜೋಡು ತಂದೆ. ಅವ್ವ ಅದನ್ನು ತೊಳೆಸಿ, ವಿಭೂತಿ ಹಚ್ಚಿಸಿ, "ಬೀದಿ ಕಾಣ್ದೇ ಇದ್ರ ಇದು ಎಕ್ಕಡ ಅಲ್ಲ" ಎಂದು ತಾನೇ ಕಾನೂನು ಮಾಡಿಕೊಂಡು ಕಾಲಿಗೆ ಹಾಕಿಸಿಕೊಂಡಳು.

ಆ ಭಾನುವಾರ ಭೀಮನಬೀಡಿನಿಂದ ಬೀಗರು ಬಂದರು, ನನ್ನ ತಂಗಿಯ ಮಾವ. ಬಾಳೆ, ಅರಿಶಿನ ಬೆಳೆಯುವ ದೊಡ್ಡ ಕುಳ. ಬಿಳಿ ಪಂಚೆ, ಕಿರ್ರ್ ಕಿರ್ರ್ ಎನ್ನುವ ತೊಗಲಿನ ಚಪ್ಪಲಿ. ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದವರು, ಹಜಾರದಲ್ಲಿ ಅವ್ವ ಮೆಟ್ಟಿಕೊಂಡು ಕುಳಿತಿರುವುದನ್ನು ಕಂಡರು. ಪೇಟೆಯ ಹೊಸ ಪದ್ಧತಿ ಇರಬೇಕೆಂದುಕೊಂಡು ಕಿರ್ರ್ ಕಿರ್ರ್ ಎನ್ನುತ್ತಾ ಒಳಗೇ ನಡೆದರು.

"ಬೀಗ್ರೇ, ಎಕ್ಕಡ!" ಎಂದಳು ಅವ್ವ.

"ನೀವೂ ಹಾಕಂಡಿದ್ದೀರಲ್ಲಕ್ಕಾ?"

"ನಂಗ ಸುಗರ್ ಅದ. ನಿಮ್ಗದಾ?"

ಬೀಗರ ಮುಖ ಸಪ್ಪಗಾಯಿತು. ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟು ಬಂದು, ಎರಡು ಚಮಚ ಸಕ್ಕರೆ ಹಾಕಿಸಿಕೊಂಡು ಕಾಫಿ ಕುಡಿದು, ಹೆಚ್ಚು ಮಾತಾಡದೆ ಹೊರಟುಹೋದರು. ಸಂಬಂಧ ಕೆಟ್ಟಿತೆಂದು ನನಗೆ ಹೆದರಿಕೆಯಾಯಿತು.

ಮೂರು ವಾರದ ಮೇಲೆ ಅವರು ಮತ್ತೆ ಬಂದರು. ಈ ಸಲ ಕಿರ್ರ್ ಸದ್ದಿರಲಿಲ್ಲ. ನೋಡಿದರೆ ಕಾಲಲ್ಲಿ ಅವ್ವನಂಥದ್ದೇ ರಬ್ಬರ್ ಜೋಡು, ಹೊಚ್ಚ ಹೊಸದು. ಹೊಸ್ತಿಲಾಚೆಯೇ ನಿಂತು, ಜೇಬಿನಿಂದ ಮಡಿಸಿದ ಲ್ಯಾಬ್ ಚೀಟಿ ತೆಗೆದು ಬಸ್ ಪಾಸಿನಂತೆ ಮುಂದೆ ಹಿಡಿದರು.

"ಅಕ್ಕಾ, ಅವತ್ತು ನೀವು ಕೇಳಿದ್ದು ತಲೇಲೇ ಕುಂತ್ಬುಡ್ತು. ಎಷ್ಟು ನೀರು ಕುಡುದ್ರೂ ಬಾಯಾರ್ತಿತ್ತು. ಬೇಗೂರ್ಗ ಓಗಿ ನೋಡುಸ್ದಿ. ನಂಗೂ ಅದ ಕಣಕ್ಕಾ. ಸದ್ಯ, ಬೇಗ ಗೊತ್ತಾಯ್ತು ಅಂದ್ರು. ಈಗ ಒಳಕ್ಕ ಬರ್ಬೋದಾ?"

ಅವ್ವನಿಗೆ ಓದಲು ಬಾರದು. ಚೀಟಿ ಇಸಿದುಕೊಂಡು ನನ್ನ ಕೈಗೆ ಕೊಟ್ಟಳು.

"ಎಷ್ಟದ ನೋಡ್ಲಾ."

"ಇನ್ನೂರ ನಲವತ್ತು."

"ನಂದು?"

"ಹೋದ್ಸಲ ನೂರ ಎಂಬತ್ತು."

ಅವ್ವ ಬೀಗರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಇನ್ನೂ ಯಾಕ್ಲಾ ನಿಂತಿದ್ದೀಯೆ? ನಂಗಿಂತ ದೊಡ್ಡೋರು ಬಂದವ್ರ. ಕುರ್ಚಿ ಹಾಕು!"