ಪಲ್ಪರ್ ಶ್ರುತಿ

ತನಗೇ ಗೊತ್ತಿಲ್ಲದ್ದನ್ನು ಕಲಿಸಲು ಹೊರಟ ಮೇಷ್ಟರಿಗೆ ದಿನಕ್ಕೊಂದು ಫಜೀತಿ ತಪ್ಪುವುದಿಲ್ಲ. ಕಳಸದ ಹತ್ತಿರದ ಶಾಲೆಯಲ್ಲಿ ನಾನು ಚಿತ್ರಕಲೆ ಶಿಕ್ಷಕ. ಅಲ್ಲೇ ಸಂಗೀತ ಕಲಿಸುತ್ತಿದ್ದವಳು ನನ್ನ ಹೆಂಡತಿ. ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಅವಳು ಕಲಿಸಿದ ಹಾಡನ್ನು ಮಕ್ಕಳು ಮೂಡಿಗೆರೆಯ ಸ್ಪರ್ಧೆಯಲ್ಲಿ ಹಾಡಬೇಕಿತ್ತು. ಶ್ರುತಿ ತಪ್ಪಿ ಅವಳ ಹೆಸರು ಕೆಡಬಾರದು ಎಂಬುದೊಂದೇ ನನ್ನ ಚಿಂತೆ.

೧. ಐದು ಛಾಯೆ

ಚಿತ್ರದಲ್ಲಿ ತಿಳಿ, ಗಾಢ ಛಾಯೆಗಳಿದ್ದಂತೆ ಹಾಡಿನಲ್ಲಿ ಸ್ವರಗಳು ಎಂದು ಹೇಳಿ, ಕಾಫಿ ಡಿಕಾಕ್ಷನ್‌ಗೆ ನೀರು ಬೆರೆಸಿ ಐದು ಛಾಯೆ ಬಳಿಸಿದೆ. ಒಬ್ಬ ಹುಡುಗಿ ಅವಕ್ಕೆ ಹೆಸರನ್ನೂ ಬರೆದಳು. ಕಡು ಗಾಢವಾದದ್ದು ‘ಸಾಹುಕಾರರ ಮನೆ’, ನಡುವಿನದು ಎಸ್ಟೇಟಿನ ಲೆಕ್ಕ ಬರೆಯುವ ‘ರೈಟರ್ ಮನೆ’, ಅದಕ್ಕಿಂತ ತಿಳಿಯಾದದ್ದು ‘ನಮ್ಮನೆ’.

“ಕೊನೇದು ಬರೀ ನೀರಲ್ವೇನೆ?”

“ಅಲ್ಲ ಸರ್, ಅದು ನೆಂಟರು ಬಂದಾಗ ನಮ್ಮನೆ.”

೨. ಕಾಣದ ಸ್ವರ

ಸ್ವರಗಳನ್ನೂ ಚಾರ್ಟಿನಲ್ಲಿ ಬಳಿದೆ. ಕೆಳಗಿನ ಷಡ್ಜ ಕಪ್ಪು, ಏರಿದಂತೆ ಬೂದು, ಮೇಲಿನ ಷಡ್ಜ ತೀರಾ ತಿಳಿ. ಕೋಲು ತೋರಿಸಿದಂತೆ ಹಾಡುತ್ತ ಬಂದ ಮಕ್ಕಳು ನಿಷಾದದಲ್ಲಿ ಗಪ್ಪೆಂದು ನಿಂತರು.

“ಮುಂದೆ ಹಾಡ್ರೋ.”

“ಮುಂದೆ ಏನೂ ಕಾಣ್ತಿಲ್ಲ ಸರ್.”

ಬಾಗಿಲಲ್ಲಿದ್ದ ಬಿಸಿಯೂಟದ ಅಕ್ಕ ಅಂದರು: “ಟೀಚರ್ ಇದ್ದಾಗ ಇವು ಕಣ್ಣು ಮುಚ್ಕೊಂಡೇ ಹಾಡ್ತಿದ್ವು ಮಾರಾಯ್ರೆ!”

೩. ಮೂಡಿಗೆರೆಯಲ್ಲಿ

ನಮ್ಮ ಶಾಲೆಯ ಹಿಂದೆಯೇ ಎಸ್ಟೇಟಿನ ಪಲ್ಪರ್ ಇದೆ. ಕೊಯ್ಲಿನ ದಿನಗಳಲ್ಲಿ ಕಾಫಿಹಣ್ಣಿನ ಸಿಪ್ಪೆ ಬಿಡಿಸುತ್ತ ಬೆಳಗಿನಿಂದ ಗುಂಯ್ ಎನ್ನುತ್ತಿರುತ್ತದೆ. ಆ ಸದ್ದನ್ನೇ ಆಧಾರ ಷಡ್ಜ ಮಾಡಿಕೊಂಡು ಅವಳು ಹಾಡು ಕಲಿಸಿದ್ದಳು. ಅದು ನನಗೆ ತಿಳಿದದ್ದು ಸ್ಪರ್ಧೆಯ ವೇದಿಕೆಯ ಪಕ್ಕದಲ್ಲಿ. ಶ್ರುತಿಪೆಟ್ಟಿಗೆ ಹಾಕಿದರೂ ಮಕ್ಕಳು ಬಾಯಿ ತೆರೆಯಲಿಲ್ಲ.

“ಯಾಕ್ರೋ?”

“ಪಲ್ಪರ್ ಇಲ್ವಲ್ಲ ಸರ್,” ಎಂದಳು ಮುಂದೆ ನಿಂತ ಹುಡುಗಿ.

ಅಷ್ಟರಲ್ಲಿ ಕರೆಂಟ್ ಹೋಯಿತು. ಕಿಟಕಿಯಾಚೆ ಜನರೇಟರ್ ಶುರುವಾದದ್ದೇ ತಡ, ಅಷ್ಟೂ ಮುಖ ಅರಳಿ, ಒಟ್ಟಿಗೇ ಹಾಡು ಎತ್ತಿಕೊಂಡರು. ಅರ್ಧಕ್ಕೆ ಬಂದಾಗ ಸ್ಪರ್ಧೆಯ ಊಟದ ಅಡುಗೆಯವರು ಗ್ರೈಂಡರ್ ಹಾಕಿದರು. ಭಾರ ಬಿದ್ದು ಜನರೇಟರಿನ ಸ್ವರ ತಗ್ಗುತ್ತ ಬಂತು. ಮುಗಿಯಿತು ಎಂದುಕೊಂಡು ನಾನು ನೆಲ ನೋಡಿದೆ. ಮಕ್ಕಳ ದನಿ ಕೂದಲೆಳೆಯಷ್ಟೂ ಇಳಿಯಲಿಲ್ಲ. ಅವಳು ಕೂರಿಸಿದ ಜಾಗದಲ್ಲೇ ಕೊನೆಯವರೆಗೂ ಇತ್ತು.

ತೀರ್ಪುಗಾರರು ನನ್ನನ್ನು ಕರೆದರು. “ಯಾರು ಮೇಷ್ಟ್ರೇ ಕಲಿಸಿದ್ದು? ಇಂಥಾ ಶ್ರುತಿ!”

“ನನ್ನ ಹೆಂಡತಿ,” ಎಂದೆ. ಆಗ ಹೊರಗಿನಿಂದ ಆ ಹುಡುಗಿಯ ಗದರಿಕೆ ಕೇಳಿಸಿತು. ಜನರೇಟರಿನವನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು:

“ಇನ್ನೊಂದ್ಸಲ ಪ್ರಾಕ್ಟೀಸ್ ಮಾಡ್ಕೊಂಡು ಬನ್ನಿ ಅಣ್ಣ. ಇಷ್ಟು ಜನದಲ್ಲಿ ನಿಮ್ಮೊಬ್ಬರದ್ದೇ ಶ್ರುತಿ ಇಳಿದದ್ದು!”