ಅತ್ತೆಯ ನಂಬರು

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮನೆಯಲ್ಲಿ ಒಬ್ಬರಿದ್ದರೆ ಸಾಕು, ನಗುವ ಪ್ರಸಂಗ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ನಗು ಬರುವುದು ಎಲ್ಲ ಮುಗಿದ ಮೇಲೆ. ನಡೆಯುವಾಗ ಮಾತ್ರ ಜೀವ ಬಾಯಿಗೆ ಬಂದಿರುತ್ತದೆ.

ನಾನು ಬಳ್ಳಾರಿಯ ಕೌಲ್ ಬಜಾರಿನ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಊರವರಿಗೆಲ್ಲ ಔಷಧಿ ತಿಳಿಸಿ ಹೇಳುವವಳು, ನಮ್ಮ ಅತ್ತೆಯೊಬ್ಬರನ್ನು ಬಿಟ್ಟು. ಅವರ ಎದೆಯೊಳಗೆ ಕೃತಕ ಕವಾಟ ಕೂರಿಸಿ ಆರು ವರ್ಷವಾಯಿತು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ಒಂದು ಮಾತ್ರೆ. ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಯಲು ಒಂದು ಲೆಕ್ಕವಿದೆ. ಅದಕ್ಕೆ ಐಎನ್‌ಆರ್ ಎಂದು ಹೆಸರಿದ್ದರೂ ನಮ್ಮ ಮನೆಯಲ್ಲಿ ಅದು ಬರೀ ನಂಬರು. ಅತ್ತೆಯದು ಎರಡೂವರೆಯಿಂದ ಮೂರೂವರೆಯ ಒಳಗಿರಬೇಕು. ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ. ಎರಡೂ ಬೇಡ.

ಬಟ್ಟಲು

"ಸೊಪ್ಪು ತಿನ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ವಾರ ವಾರ ಒಂದ ಅಳತಿ ಇರ್ಲಿ," ಎಂದು ಹೃದಯದ ಡಾಕ್ಟರು ಹೇಳಿದ್ದರು. ಸೊಪ್ಪು ಹೆಚ್ಚಾದರೆ ನಂಬರು ಇಳಿಯುತ್ತದೆ. ಅತ್ತೆ ಅವತ್ತೇ ಒಂದು ಸ್ಟೀಲ್ ಬಟ್ಟಲನ್ನು ಅದಕ್ಕೆಂದು ತೆಗೆದಿಟ್ಟರು.

ಕುರುಗೋಡಿನಲ್ಲಿ ಅವರ ತಂಗಿಯ ಮನೆಯ ಮದುವೆ. ಊಟದ ಪಂಕ್ತಿಯಲ್ಲಿ ಬೇಳೆ ಹಾಕಿದ ಪಾಲಕ್ ಪಪ್ಪು ಬಂತು. ಅತ್ತೆ ಸೆರಗಿನೊಳಗಿಂದ ಬಟ್ಟಲು ತೆಗೆದು, "ಎಲಿಗೆ ಬ್ಯಾಡಪಾ, ಇದರಾಗ ಹಾಕು. ಕಂಠಮಟ ಸಾಕು," ಎಂದರು. ಬಡಿಸುವವನು ಒಂದು ಸೌಟು ಹೆಚ್ಚಿಗೆ ಹಾಕಿದ. ಇವರು ಆ ಹೆಚ್ಚಿನದನ್ನು ಅವನ ಬಕೆಟ್ಟಿಗೇ ತಿರುಗಿ ಸುರಿಯಲು ಹೋದರು. ನಾನು ಕೈ ಹಿಡಿದೆ. ಇಡೀ ಪಂಕ್ತಿ ನಮ್ಮನ್ನೇ ನೋಡುತ್ತಿತ್ತು.

ಎದುರಿಗಿದ್ದ ಹಿರಿಯರೊಬ್ಬರು ಭಕ್ತಿಯಿಂದಲೇ ಕೇಳಿದರು: "ಹರಕಿ ಅನಸ್ತೈತಿ. ಯಾವ ದೇವರಿಗೆ ಬೇಡ್ಕೊಂಡೀರಿ ತಾಯಿ?"

"ದೇವರಿಗಲ್ರಿ, ಡಾಕ್ಟರಿಗೆ," ಎಂದರು ಅತ್ತೆ. "ಬುಧವಾರಕ್ಕೊಮ್ಮಿ ಸಿಗ್ತಾರ."

ಪಕ್ಕದ ಮನೆಯವರ ಒಂದು

ಪ್ರತಿ ಸಲ ಲ್ಯಾಬಿಗೆ ಓಡಾಡುವುದು ತಪ್ಪಲಿ ಎಂದು ನಂಬರು ನೋಡುವ ಸಣ್ಣ ಮಿಷಿನ್ನೊಂದನ್ನು ಮನೆಗೇ ತರಿಸಿದೆವು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸಿದರೆ ಆಯಿತು. ಆದರೆ ಅತ್ತೆಯ ಬೆರಳು ಅಷ್ಟು ಸುಲಭದ್ದಲ್ಲ. ಕರೂರಿನ ಗದ್ದೆಗಳಲ್ಲಿ ನಲವತ್ತು ವರ್ಷ ಭತ್ತದ ಸಸಿ ನಾಟಿದ ಬೆರಳುಗಳು. ಚರ್ಮ ಗಟ್ಟಿಯಾಗಿ ಗೆರೆಗಳೇ ಅಳಿಸಿಹೋಗಿವೆ. ರೇಷನ್ ಅಂಗಡಿಯ ಮಿಷಿನ್ನಿಗೂ ಅವರ ಹೆಬ್ಬೆಟ್ಟು ಹತ್ತುವುದಿಲ್ಲ. ಕಾರ್ಡಿನಲ್ಲಿ ಹೆಸರಿರುವ ಯಾರ ಹೆಬ್ಬೆಟ್ಟಾದರೂ ನಡೆಯುತ್ತದೆಂದು ತಿಂಗಳಿಗೊಮ್ಮೆ ನಾನೇ ಹೋಗಿ ಅಕ್ಕಿ ತರುತ್ತೇನೆ.

ಮಿಷಿನ್ ನೋಡಲು ಪಕ್ಕದ ಮನೆಯ ಆಟೋದವರು ಬಂದರು. "ನಂದೂ ಒಮ್ಮಿ ನೋಡ್ರಲ್ಲ," ಎಂದು ಬೆರಳು ಚಾಚಿಯೇಬಿಟ್ಟರು. ಬೇಡವೆಂದರೆ ಬೇಜಾರಾದಾರು ಎಂದು ನೋಡಿದೆ. ಒಂದು ಬಂತು. ಆ ಮಾತ್ರೆ ನುಂಗದ ಯಾರಿಗಾದರೂ ಬರುವುದು ಅಷ್ಟೇ.

"ಅಮ್ಮಾರಿಗೆ ಎಷ್ಟು?" ಎಂದು ಕೇಳಿದರು.

"ಎರಡು ಪಾಯಿಂಟ್ ಎಂಟು."

ಅವರ ಮುಖ ಸಣ್ಣದಾಯಿತು. ದಿನವೆಲ್ಲ ಆಟೋ ಓಡಿಸುವವನಿಗೆ ಒಂದೇ ಒಂದು, ಕೂತಲ್ಲೇ ಕೂರುವ ಮುದುಕಿಗೆ ಹೆಚ್ಚುಕಡಿಮೆ ಮೂರು. ನಾನು ವಿವರಿಸುವ ಮೊದಲೇ ಅತ್ತೆ ಸಮಾಧಾನ ಹೇಳಿದರು: "ಇನ್ನ ಸಣ್ಣ ವಯಸ್ಸಪಾ ನಿಂದು. ಬರಬರತಾ ಏರ್ತೈತಿ."

ಹಲ್ಲು ಬೇರೆ, ಗುಂಡಿಗೆ ಬೇರೆ

ಕಳೆದ ಕೊಯ್ಲಿನಲ್ಲಿ ಅತ್ತೆ ಸಿರುಗುಪ್ಪಕ್ಕೆ, ಮಗಳ ಮನೆಗೆ ಹೋದರು. ಈ ಮಗಳು ನನಗೆ ನಾದಿನಿ. ಮಿಷಿನ್ನನ್ನೂ ಜೊತೆಗೆ ಕಳಿಸಿದ್ದೆ. ಅಲ್ಲಿ ಹಲ್ಲಿನ ಬೇರು ಕೀವಾಗಿ ಕೆನ್ನೆ ಊದಿತು. ಅಲ್ಲಿನ ಹಲ್ಲಿನ ಡಾಕ್ಟರು ಆ್ಯಂಟಿಬಯೋಟಿಕ್ ಬರೆದುಕೊಟ್ಟರು. ನಾದಿನಿ ನಾಲ್ಕನೇ ದಿನ ಆ ಮಾತ್ರೆಯ ಫೋಟೋ ಕಳಿಸಿದಳು. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಅದು ಸೇರಿದರೆ ನಂಬರು ಸರ್ರನೆ ಏರುತ್ತದೆ. ಅಂಗಡಿಗೆ ಬಂದವರಿಗೆಲ್ಲ ನಾನೇ ಎಚ್ಚರಿಕೆ ಹೇಳುವ ಜೋಡಿ ಅದು.

ಫೋನಿನಲ್ಲಿ ಅತ್ತೆಯನ್ನು ಕೇಳಿದೆ: "ಬ್ಯಾರೆ ಗುಳಿಗಿ ಏನರ ನುಂಗ್ತೀರೇನು ಅಂತ ಆ ಡಾಕ್ಟರು ಕೇಳ್ಲಿಲ್ಲೇನು ಅತ್ತಿ?"

"ಕೇಳಿದ್ರು. ಇಲ್ಲ ಅಂದೆ."

"ಯಾಕ?"

"ಆತ ಹಲ್ಲು ನೋಡಾಕ ಕುಂತಾನ. ಆತನ ಮುಂದ ಗುಂಡಿಗಿ ಸುದ್ದಿ ಯಾಕ ತಗೀಲಿ? ನಮ್ಮ ಡಾಕ್ಟರಿಗೆ ಗೊತ್ತಾದ್ರ ಬ್ಯಾಸರ ಮಾಡ್ಕೊಳ್ಳಲ್ಲೇನು?"

ಒಂದು ಪಾಯಿಂಟ್ ಒಂದು

ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ. ಈಗಲೇ ನಂಬರು ನೋಡಿಸಿ ಹೇಳಿ ಎಂದರು. ಅರ್ಧ ಗಂಟೆಯಲ್ಲಿ ನಾದಿನಿ ತಿಳಿಸಿದಳು, ಒಂದು ಪಾಯಿಂಟ್ ಒಂದು.

ಅದನ್ನೇ ಡಾಕ್ಟರಿಗೆ ಹೇಳಿದೆ. "ಇಷ್ಟು ಇಳದಿದ್ರ ಗುಳಿಗಿ ಹೆಚ್ಚು ಮಾಡಬೇಕ್ರಿ. ಆದ್ರ ಈ ಆ್ಯಂಟಿಬಯೋಟಿಕ್ ಮ್ಯಾಲ ಏರಬೇಕು, ಇಳಿಯಂಗಿಲ್ಲ. ಏನೋ ತಪ್ಪೈತಿ. ನೀವ ಹೋಗಿ ನೋಡೋಮಟ ಯಾವ ಗುಳಿಗಿನೂ ಕೊಡಬ್ಯಾಡ್ರಿ."

ಸಿರುಗುಪ್ಪದ ಬಸ್ಸಿನಲ್ಲಿ ಕೂತಾಗ ನೆನಪಾದದ್ದು ಪಕ್ಕದ ಮನೆಯವರ ಒಂದು. ಎಷ್ಟೊತ್ತಿಗೆ ಮುಟ್ಟುತ್ತೇವೆ ಎಂದು ಕಂಡಕ್ಟರನ್ನು ಎರಡು ಸಲ ಕೇಳಿದೆ. ಅತ್ತೆ ನನ್ನ ಮಾತು ಕೇಳುವವರಲ್ಲ ನಿಜ, ಆದರೆ ಅವರಿಲ್ಲದ ಮನೆ ನನಗೆ ಬೇಡ.

ಹೋಗಿ ನೋಡಿದರೆ ಅತ್ತೆಯ ಮೊಳಕೈಯಿಂದ ಮಣಿಕಟ್ಟಿನವರೆಗೆ ನೇರಳೆ ಬಣ್ಣ. "ಬಾಗಲಾ ತಾಗಿತ್ತು," ಎಂದರು. ಉಗುಳಿದ ನೀರು ಕೆಂಪಗಿತ್ತು. "ಹಲ್ಲು ನೋವಲ್ಲ, ಅದಕ್ಕ."

"ನನ್ನ ಮುಂದ ಒಮ್ಮಿ ನಂಬರ್ ನೋಡ್ರಿ," ಎಂದೆ.

ಅತ್ತೆ ಅಡುಗೆಮನೆಯತ್ತ ತಿರುಗಿ ಮಗಳನ್ನು ಕೂಗಿದರು: "ಬಾರಬೇ, ಬೆರಳು ಕೊಡು ಬಾ."

ನಾದಿನಿ ಕೈ ಒರೆಸಿಕೊಳ್ಳುತ್ತ ಬಂದು ಮಿಷಿನ್ನಿನ ಮುಂದೆ ಕೂತಳು. ನಾನು ಅವಳನ್ನೆಬ್ಬಿಸಿ ಅತ್ತೆಯ ಬೆರಳನ್ನೇ ಚುಚ್ಚಿದೆ. ಆರು ಪಾಯಿಂಟ್ ನಾಲ್ಕು.

ಅವತ್ತೇ ಕಾರು ಮಾಡಿಸಿ ಬಳ್ಳಾರಿಗೆ ಕರೆತಂದು ಅಡ್ಮಿಟ್ ಮಾಡಿದೆವು. ಡಾಕ್ಟರು ಒಂದು ಪಾಯಿಂಟ್ ಒಂದನ್ನು ನಂಬಿ ಮಾತ್ರೆ ಹೆಚ್ಚಿಸಿದ್ದರೆ ರಕ್ತ ನಿಲ್ಲಿಸುವುದೇ ಕಷ್ಟವಾಗುತ್ತಿತ್ತು. ಮೂರನೇ ದಿನ ನಂಬರು ಮೂರಕ್ಕೆ ಇಳಿಯಿತು. ಅವತ್ತು ನಾನು ವಾರ್ಡಿನ ಹೊರಗೆ ಬಂದು ಸ್ವಲ್ಪ ಹೊತ್ತು ಅತ್ತುಬಿಟ್ಟೆ.

ಒಳಗೆ ಬಂದರೆ ಡಾಕ್ಟರು ಅತ್ತೆಯನ್ನು ವಿಚಾರಿಸುತ್ತಿದ್ದರು. "ಮಗಳ ಬೆರಳು ಯಾಕ ಚುಚ್ಚಿಸಿದ್ರಿ ತಾಯಿ?"

"ನಂದು ಮೂರು ಸಲ ಚುಚ್ಚಿದ್ರೂ ರಕ್ತ ಬರ್ಲಿಲ್ರಿ. ರೇಷನ್ ಅಂಗಡ್ಯಾಗನೂ ಹಿಂಗ, ನನ್ನ ಬೆರಳು ಮಿಷಿನ್ನಿಗೆ ಹತ್ತಂಗಿಲ್ಲ. ಮನ್ಯಾಗ ಯಾರರ ಒಬ್ಬರು ಒತ್ತಿದ್ರ ನಡೀತೈತಿ."

ಡಾಕ್ಟರು ನನ್ನ ಕಡೆ ನೋಡಿದರು. ನನಗೆ ಮೂರು ದಿನದ ಸಿಟ್ಟು ಒಟ್ಟಿಗೆ ಬಂತು. "ಹಂಗ ನೋಡಿದ್ರೂ ತಪ್ಪ ಅತ್ತಿ. ಮದುವ್ಯಾದ ಮ್ಯಾಲ ಆಕಿ ಹೆಸರು ನಮ್ಮ ಕಾರ್ಡಿನಿಂದ ತಗಸೀವಲ್ಲ?"

ಅತ್ತೆಗೆ ಆಗ ತಮ್ಮ ತಪ್ಪು ಅರ್ಥವಾಯಿತು. ಮೊದಲ ಸಲ ಅವರ ಮುಖದಲ್ಲಿ ಪಶ್ಚಾತ್ತಾಪ ಕಂಡೆ.

"ಹೌದಲ್ಲ ಯವ್ವಾ," ಎಂದರು. "ಅದಕ್ಕ ನಂಬರು ತಪ್ಪ ಬಂದೈತಿ." ನನ್ನ ಕೈ ಹಿಡಿದೆಳೆದು ಡಾಕ್ಟರ ಮುಂದೆ ಚಾಚಿದರು. "ಇಕಿದು ಚುಚ್ಚ್ರಿ. ಇಕಿ ಹೆಸರು ಕಾರ್ಡಿನ್ಯಾಗ ಐತಿ."