ಜಗನ್ನಾಥನ ಕಡಲ ಕಾವಲು

ಒಂದು ಭಾನುವಾರ ಪ್ರಭಾ ಮಡಚಿದ ಬಟ್ಟೆಗಳ ಗುಡ್ಡೆಯ ಹಿಂದೆ ಕೂತು ಆಡಿದ ಮಾತು ಜಗನ್ನಾಥನ ನೆಮ್ಮದಿಯನ್ನು ಆರು ತಿಂಗಳ ಮಟ್ಟಿಗೆ ನುಂಗಿ ನೀರು ಕುಡಿಯಿತು.

“ಅಲ್ರೀ, ಈ ದೇಶಕ್ಕ ಬಂದು ಇಪ್ಪತ್ಮೂರು ವರ್ಷ ಆತು. ರಜಾ ಅಂದ್ರ ಏನಂತ ನನಗ ಇನ್ನೂ ಗೊತ್ತಿಲ್ಲ ನೋಡ್ರಿ.”

“ಹಂಗಂದ್ರ? ಎರಡು ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಹೋಗ್ತೀವಲ್ಲ!”

“ಅದು ರಜಾ ಅಲ್ರೀ, ಟ್ರಾನ್ಸ್‌ಫರ್. ಈ ಅಡಿಗಿಮನಿಯಿಂದ ಆ ಅಡಿಗಿಮನಿಗೆ.”

ಹುಬ್ಬಳ್ಳಿಗೆ ಕಾಲಿಟ್ಟ ಮರುದಿನವೇ ಪ್ರಭಾ ನಾದಿನಿಯರ ನಡುವೆ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಜಗನ್ನಾಥ ಬ್ಯಾಂಕು, ಆಧಾರು, ಯಾರದೋ ಮದುವೆ ಎಂದು ಊರು ಸುತ್ತುತ್ತಿದ್ದ. ಮೂರು ವಾರದ ರಜೆ ಮುಗಿಸಿ ಅಮೆರಿಕದ ಸ್ಯಾನ್ ಮಟಿಯೋದ ಮನೆಗೆ ಬಂದ ಮೇಲೆ ಸುಧಾರಿಸಿಕೊಳ್ಳಲು ಇಬ್ಬರಿಗೂ ಇನ್ನೊಂದು ವಾರ ರಜೆ ಬೇಕಾಗುತ್ತಿತ್ತು. (ಅದನ್ನು ಯಾವ ಕಂಪನಿಯೂ ಕೊಡುವುದಿಲ್ಲ.)

“ಹಂಗಾದ್ರ ನಿನಗೇನು ಬೇಕು ಹೇಳು.”

“ಸಮುದ್ರ. ಬೆಚ್ಚಗಿರೂ ಸಮುದ್ರ.”

“ಗುಡ್ಡ ದಾಟಿದ್ರ ಪೆಸಿಫಿಕ್ಕೇ ಐತಿ!”

“ಸ್ವೆಟರ್ ಹಾಕ್ಕೊಂಡು ನೋಡೂ ಸಮುದ್ರ ನನಗ ಬ್ಯಾಡ. ಯಾರಿಗೂ ಚಾ ಮಾಡಿಕೊಡಲಾರ್ದ, ಇಬ್ಬರೂ ಸುಮ್ನ ನೀರಿನ ಮುಂದ ಕುಂದ್ರಬೇಕು. ಅಷ್ಟ.”

ಅಷ್ಟೇ ಎಂದರೂ ಅದು ಅಷ್ಟೇ ಅಲ್ಲವೆಂದು ಜಗನ್ನಾಥನಿಗೂ ಒಳಗೊಳಗೇ ಗೊತ್ತಿತ್ತು. ಒಬ್ಬಳೇ ಮಗಳು ಅಕ್ಷಯಾ ಓದಲು ಸ್ಯಾನ್ ಡಿಯಾಗೋಗೆ ಹೋದಾಗಿನಿಂದ ಮನೆಯಲ್ಲಿ ಮಾತು ತೆಳ್ಳಗಾಗಿತ್ತು. ಕಸದ ಡಬ್ಬಿ ಹೊರಗಿಟ್ಟಿರಾ, ಹಾಲು ಮುಗಿದಿದೆ, ನಾಳೆ ಫ್ರೀವೇ ಮೇಲೆ ಟ್ರಾಫಿಕ್ ಜಾಸ್ತಿಯಂತೆ: ಇಡೀ ದಿನದ ಸಂಭಾಷಣೆಯನ್ನು ಒಂದು ಅಂಚೆ ಕಾರ್ಡಿನ ಮೇಲೆ ಬರೆದು ವಿಳಾಸಕ್ಕೂ ಜಾಗ ಉಳಿಸಬಹುದಾಗಿತ್ತು. ಇಬ್ಬರೂ ಜಗಳವಾಡುತ್ತಿರಲಿಲ್ಲ. ಜಗಳಕ್ಕೂ ಒಂದು ವಿಷಯ ಬೇಕಲ್ಲ!

ಹೀಗಾಗಿ ಜಗನ್ನಾಥ ಈ ಪ್ರವಾಸವನ್ನು ಗಂಭೀರವಾಗಿ ತೆಗೆದುಕೊಂಡ. ಅವನು ಗಂಭೀರವಾಗಿ ತೆಗೆದುಕೊಂಡದ್ದೇ ತಪ್ಪಾಯಿತು.

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಔಷಧ ಪ್ರಯೋಗಾಲಯದಲ್ಲಿ ಅವನ ಕೆಲಸವೆಂದರೆ, ಕೈ ತೊಳೆಯುವುದರಿಂದ ಹಿಡಿದು ಬಾಗಿಲು ಹಾಕುವವರೆಗೆ ಪ್ರತಿಯೊಂದನ್ನೂ ಹೇಗೆ ಮಾಡಬೇಕು ಎಂದು ಬರೆದಿಡುವುದು. ಬರೆಯದೇ ಇದ್ದದ್ದು ನಡೆದೇ ಇಲ್ಲ ಎಂಬುದು ಆ ಇಲಾಖೆಯ ವೇದವಾಕ್ಯ. ಕೆರಿಬಿಯನ್ ಸಮುದ್ರದಲ್ಲಿ ಚಂಡಮಾರುತಗಳ ಹಾದಿಯಿಂದ ಆಚೆಗಿರುವ ಅರೂಬಾ ದ್ವೀಪವನ್ನು ಆರಿಸಿದ ಮೇಲೆ, ಹೋಗಿಬಂದವರನ್ನೆಲ್ಲ ಹುಡುಕಿ ಹುಡುಕಿ ಸಲಹೆ ಕೇಳತೊಡಗಿದ. ಸಸ್ಯಾಹಾರಿ ಎಂದು ರೆಸಾರ್ಟಿಗೆ ಮೊದಲೇ ತಿಳಿಸಿ ಎಂದು ಒಬ್ಬರು ಹೇಳಿದರೆ, ತಿಳಿಸಿದರೆ ಮೂರು ಹೊತ್ತೂ ಪಾಸ್ತಾ ತಿನ್ನಿಸುತ್ತಾರೆ, ಬಾಯಿ ಮುಚ್ಚಿಕೊಂಡಿರಿ ಎಂದು ಇನ್ನೊಬ್ಬರು ಹೇಳಿದರು. ಟೋಪಿಗೆ ದಾರ ಇರಲಿ, ಅಲ್ಲಿ ಗಾಳಿ ಜಾಸ್ತಿ. ವಾಪಸು ಬರುವಾಗ ಅಮೆರಿಕದ ಇಮಿಗ್ರೇಷನ್ ಆ ದ್ವೀಪದ ಏರ್‌ಪೋರ್ಟಿನಲ್ಲೇ ಮುಗಿಯುತ್ತದೆ, ಮೂರು ತಾಸು ಮೊದಲೇ ಹೋಗಿ. ಎಲ್ಲವೂ ದಾಖಲಾಯಿತು.

ಆದರೆ ಶಿಖರಪ್ರಾಯವಾದ ಸಲಹೆ ಬಂದದ್ದು ಪಕ್ಕದ ಬೀದಿಯ ಸಂತೋಷಕುಮಾರನಿಂದ. ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಅವನು ಅರೂಬಾಕ್ಕೆ ಮೂರು ಸಲ ಹೋಗಿಬಂದವನು.

“ಸಾರ್, ರೂಮು, ಊಟ ಎಲ್ಲ ಮರ್ತುಬಿಡಿ. ಚೇರೇ ಮುಖ್ಯ. ಬೀಚಲ್ಲಿ ಗರಿ ಹೊದ್ಸಿರೋ ಚಪ್ಪರ ಇರ್ತವೆ, ಒಂದೊಂದರ ಕೆಳ್ಗೆ ಎರಡೆರಡು ಚೇರು. ಬೆಳಗ್ಗೆ ಆರಕ್ಕೆ ಹೋಗಿ ಟವಲ್ ಹಾಕ್ಬಿಡಿ. ಏಳಕ್ಕೆ ಹೋದ್ರೆ ಫಿನಿಶ್, ಇಡೀ ದಿನ ಬಿಸಿಲಲ್ಲಿ ಅಪ್ಪಳ ಆಗ್ತೀರ.”

“ಟವಲ್ ಹಾಕಿ ಬಂದ್ರ ಸಾಕೇನು?”

“ಎಲ್ಲಿ ಸಾಕು ಸಾರ್! ಒಂದ್ ಗಂಟೆ ಯಾರೂ ಇಲ್ಲ ಅಂದ್ರೆ ರೆಸಾರ್ಟಿನವ್ರೇ ಟವಲ್ ತೆಗ್ದು ಬೇರೆಯವ್ರಿಗೆ ಕೊಟ್ಬಿಡ್ತಾರೆ. ಯಾರಾದ್ರೂ ಒಬ್ರು ಅಲ್ಲಿರ್ಲೇಬೇಕು.”

ಅಂತೂ ‘ಸಾಗರತೀರ ವಿಶ್ರಾಂತಿ ಕಾರ್ಯವಿಧಾನ’ ಎಂಬ ಹತ್ತೊಂಬತ್ತು ಪುಟಗಳ ಮಹಾಗ್ರಂಥ ಸಿದ್ಧವಾಯಿತು. ಅದನ್ನು ಫೋನಿನಲ್ಲಿ ಕಂಡ ಅಕ್ಷಯಾ ನಿಟ್ಟುಸಿರುಬಿಟ್ಟಳು.

“ಅಪ್ಪಾ, ನೈನ್‌ಟೀನ್ ಪೇಜಸ್? ಇಟ್ಸ್ ಅ ಬೀಚ್. ಯೂ ಜಸ್ಟ್ ಸಿಟ್.”

“ಎಲ್ಲಿ ಕುಂದ್ರೂದು ಅನ್ನೂದ ಮುಖ್ಯ, ಪುಟ್ಟಿ.”

ಅರೂಬಾ ತಲುಪಿದ ದಿನ ಮಧ್ಯಾಹ್ನವೇ ಆಗಿಹೋಗಿತ್ತು, ಚಪ್ಪರಗಳೆಲ್ಲ ಭರ್ತಿ. ಪ್ರಭಾ ಚಪ್ಪಲಿ ಬಿಟ್ಟು ನೀರಿನಂಚಿನ ಮರಳಿನ ಮೇಲೆ ಕೂತಳು. ಸಮುದ್ರ ಯಾರೋ ಈಗಷ್ಟೇ ತೊಳೆದು ಹರವಿದ ಹಸಿರು ಸೀರೆಯಂತಿತ್ತು. ಅವಳು ಎರಡೂ ಕಾಲು ಚಾಚಿ, ಅಲೆ ಪಾದಕ್ಕೆ ತಾಗಿದಾಗ ಚಿಕ್ಕ ಹುಡುಗಿಯಂತೆ ನಕ್ಕಳು. ಜಗನ್ನಾಥ ಮಾತ್ರ ಅವಳ ಹಿಂದೆ ನಿಂತು ಚಪ್ಪರಗಳನ್ನು ಎಣಿಸುತ್ತಿದ್ದ. ಹೆಂಡತಿಯನ್ನು ಇಷ್ಟು ದೂರ ಕರೆತಂದು ನೆಲದ ಮೇಲೆ ಕೂರಿಸಿದೆನಲ್ಲ ಎಂದುಕೊಂಡು ಅಲ್ಲೇ ಫೋನು ತೆಗೆದು ಬೆಳಗಿನ ಅಲಾರಂ ಇಟ್ಟ.

ಮರುದಿನ ಐದೂವರೆಗೇ ಎದ್ದ. ನಸುಕಿನಲ್ಲಿ ಟವಲು ಹೊತ್ತ ಗಂಡಸರು ನಾಲ್ಕೂ ದಿಕ್ಕಿನಿಂದ ಸದ್ದಿಲ್ಲದೆ ಕಡಲತ್ತ ನಡೆಯುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಜಗನ್ನಾಥ ಕೊನೆಯ ಇಪ್ಪತ್ತು ಹೆಜ್ಜೆ ಓಡಿ, ಮುಂದಿನ ಸಾಲಿನ ಮೂರನೆಯ ಚಪ್ಪರವನ್ನು ಗೆದ್ದುಕೊಂಡ.

ಒಂಬತ್ತಕ್ಕೆ ಬಂದ ಪ್ರಭಾ ಆ ಕುರ್ಚಿಯಲ್ಲಿ ಹತ್ತು ನಿಮಿಷ ಒರಗಿದಳು. ಆಮೇಲೆ ಎದ್ದಳು. “ಬರ್ರಿ, ದಂಡಿಗುಂಟ ನಡಕೋತ ಹೋಗೂಣು.”

“ಮತ್ತ ಕುರ್ಚಿ?”

“ಕುರ್ಚಿ ಎಲ್ಲಿ ಹೊಕ್ಕೈತ್ರಿ?”

“ಕುರ್ಚಿ ಹೋಗಂಗಿಲ್ಲ, ನಮ್ಮ ಟವಲ್ ಹೊಕ್ಕಾವು. ನೀ ಹೋಗಿ ಬಾ, ನಾ ಇರ್ತೀನಿ.”

ಅವಳು ಹೋದಳು. ಒಂದು ತಾಸಿನ ನಂತರ ಕೈತುಂಬ ಶಂಖದ ಚೂರು, ಬಾಯಿತುಂಬ ಸುದ್ದಿ ಹೊತ್ತು ಬಂದಳು. ಪೆಲಿಕನ್ ಹಕ್ಕಿ ಕಲ್ಲು ಬಿದ್ದಂತೆ ನೀರಿಗೆ ಬಿದ್ದು ಮೀನು ಹಿಡಿಯಿತಂತೆ. ಡೋರತಿ ಎಂಬ ನಿವೃತ್ತ ಟೀಚರಮ್ಮ ಪರಿಚಯವಾದಳಂತೆ, ನಾಳೆ ಗಾಜಿನ ತಳದ ದೋಣಿಯಲ್ಲಿ ಹೋಗೋಣ ಅಂದಳಂತೆ. ಜಗನ್ನಾಥ “ಹೌದಾ, ಛಲೋ ಆತು” ಎನ್ನುತ್ತ, ಪಕ್ಕದ ಚಪ್ಪರದವನು ತನ್ನ ಕುರ್ಚಿಯತ್ತ ಒಂದು ಗೇಣು ಸರಿದದ್ದನ್ನೇ ಗಮನಿಸುತ್ತಿದ್ದ.

ಮೂರನೆಯ ದಿನ ಪ್ರಭಾ ಡೋರತಿಯ ಜೊತೆ ದೋಣಿ ಹತ್ತಿದಳು. ಜಗನ್ನಾಥ ರೆಸಾರ್ಟಿನ ನೌಕರರಂತೆಯೇ ಖಾಕಿ ಚಡ್ಡಿ, ಬಿಳಿ ಅಂಗಿ, ದಾರ ಕಟ್ಟಿದ ಟೋಪಿ ಹಾಕಿಕೊಂಡು ತನ್ನ ಠಾಣೆಯಲ್ಲಿ ಕೂತ. ಚಪ್ಪರದ ಬದಿಗೇ ರೆಸಾರ್ಟಿನ ಟವಲುಗಳನ್ನು ಪೇರಿಸಿಟ್ಟ ಗಾಡಿ ನಿಂತಿತ್ತು. ಅದನ್ನು ನೋಡಿಕೊಳ್ಳುವ ರೋಲಾಂಡೊ ಇನ್ನೂ ಬಂದಿರಲಿಲ್ಲ. ಆಗ ಒದ್ದೆ ಮೈಯ ಒಬ್ಬ ಆಜಾನುಬಾಹು ಬಂದು, ಜಗನ್ನಾಥನಿಗೆ ಗುಡ್ ಮಾರ್ನಿಂಗ್ ಹೇಳಿ ಎರಡು ಟವಲು ಕೇಳಿದ. ಮೈ ನಡುಗುತ್ತಿರುವವನಿಗೆ ‘ನಾನವನಲ್ಲ’ ಎನ್ನುವುದು ಸೌಜನ್ಯವಲ್ಲ ಎಂದು ಜಗನ್ನಾಥ ಕೊಟ್ಟುಬಿಟ್ಟ. ಅವನ ಹಿಂದೆ ಒಬ್ಬ ಹೆಂಗಸು ನಿಂತಳು. ಅವಳ ಹಿಂದೆ ಮೂವರು ಮಕ್ಕಳು.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಯಾರಿಗೆ ಎಷ್ಟು ಟವಲು ಹೋಯಿತು ಎಂಬ ದಾಖಲೆಯೇ ಇಲ್ಲದೆ ಟವಲು ಹಂಚುವುದು ಅವನ ರಕ್ತಕ್ಕೆ ಒಗ್ಗಲಿಲ್ಲ. ಚೀಲದಿಂದ ನೋಟ್‌ಬುಕ್ಕು ತೆಗೆದು ಗೆರೆ ಹಾಕಿದ: ರೂಮ್ ನಂಬರು, ಕೊಟ್ಟ ವೇಳೆ, ಮರಳಿಸಿದ ವೇಳೆ, ಸಹಿ. ಬಿಳಿಯರು, ಕರಿಯರು, ಮುದುಕರು, ಹೊಸದಾಗಿ ಮದುವೆಯಾದವರು ಎಲ್ಲರೂ ಶಿಸ್ತಾಗಿ ಸಾಲುಗಟ್ಟಿ ಸಹಿ ಮಾಡತೊಡಗಿದರು. ರೋಲಾಂಡೊ ಬಂದು ಈ ರಾಮರಾಜ್ಯವನ್ನು ಕಂಡವನೇ, ದೇವರೇ ಕಳಿಸಿದ ಮನುಷ್ಯ ಎಂದು ಜಗನ್ನಾಥನ ಬೆನ್ನು ತಟ್ಟಿ, ಕಾಫಿ ಕುಡಿಯಲು ಹೋದವನು ಊಟದ ಹೊತ್ತಿನವರೆಗೂ ಪತ್ತೆಯಿರಲಿಲ್ಲ.

ದೋಣಿಯಿಂದ ಇಳಿದು ಬಂದ ಪ್ರಭಾ, ಸಾಲಿನ ಕೊನೆಯಲ್ಲಿ ನಿಂತು ಗಂಡನನ್ನು ನೋಡಿದಳು.

“ಏನ್ರೀ ಇದು?”

“ಹತ್ತ ನಿಮಿಷ. ಈ ನಾಲ್ಕು ಮಂದೀದು ಮುಗಿಸಿಬಿಡ್ತೀನಿ.”

ಅವಳು ಬೈಯಲಿಲ್ಲ. ಡೋರತಿಗೆ “ಮೈ ಹಸ್ಬೆಂಡ್” ಎಂದು ಪರಿಚಯವನ್ನೂ ಮಾಡಿಕೊಡಲಿಲ್ಲ. ಸುಮ್ಮನೆ ರೂಮಿಗೆ ಹೋದಳು. ಜಗನ್ನಾಥನ ಕೈಯ ಪೆನ್ನು ಅಲ್ಲೇ ನಿಂತಿತು.

ಸಂಜೆ ಸೂರ್ಯ ಮುಳುಗುವಾಗ ಅವಳು ಮತ್ತೆ ಅದೇ ನೀರಿನಂಚಿನಲ್ಲಿ, ಮರಳಿನ ಮೇಲೆ ಕೂತಿದ್ದಳು. ಅವನು ಹೋಗಿ ಹತ್ತಿರ ನಿಂತ.

“ಸಿಟ್ಟು ಬಂದೈತೇನು?”

“ಇಲ್ಲ.” ಪಾದದ ಮೇಲಿನ ಮರಳು ಕೊಡವುತ್ತ ಕೇಳಿದಳು: “ನಾ ಕುರ್ಚಿ ಕೇಳಿದ್ನೇನ್ರೀ?”

“ನಿನ್ನ ಸಲುವಾಗೇ ಅಲ್ಲೇನ...”

“ಗೊತ್ತೈತಿ. ನಮ್ಮ ತಮ್ಮನ ಮದುವ್ಯಾಗ ಮೂರು ದಿನಾನೂ ಸೂಟ್‌ಕೇಸ್ ಕಾಯ್ದ್ರಿ. ಅಕ್ಷಯಾನ ಡ್ಯಾನ್ಸ್ ಇದ್ದಾಗ ಮುಂದಿನ ಸೀಟ್ ಹಿಡದ್ರಿ, ನಾ ಬರೂದ್ರಾಗ ಕ್ಯಾಮೆರಾ ಹಿಡ್ಕೊಂಡು ಹಿಂದ ಹೋಗಿ ನಿಂತ್ರಿ. ನಾ ಎಲ್ಲಿ ಕುಂತ್ರೂ ನನ್ನ ಬಾಜೂ ಕುರ್ಚಿ ಮ್ಯಾಲೆ ನಿಮ್ಮ ಕೋಟು ಇರ್ತೈತಿ. ನೀವು ಇರಂಗಿಲ್ಲ. ನಿಮಗ ಕಾಯೂದು ಬರ್ತೈತ್ರಿ, ಬಾಜೂಕ ಕುಂದ್ರೂದು ಬರಂಗಿಲ್ಲ.”

ಎರಡು ಸೂಟ್‌ಕೇಸು, ಒಂದು ಕುಕ್ಕರು ಹಿಡಿದು ಈ ದೇಶಕ್ಕೆ ಬಂದಿಳಿದ ದಿನದಿಂದ ಜಗನ್ನಾಥ ಏನನ್ನಾದರೂ ಕಾಯುತ್ತಲೇ ಬಂದಿದ್ದ: ಸಾಮಾನು, ವೀಸಾ, ಕೆಲಸ, ಮಗಳ ಶಾಲೆಯ ಬಸ್ಸು. ಇವನ್ನೆಲ್ಲ ಕಾಯುವುದೇ ಪ್ರೀತಿ, ಉಳಿದದ್ದು ತಾನಾಗಿ ಆಗುತ್ತದೆ ಎಂದುಕೊಂಡಿದ್ದ. ಕಾಯ್ದಿಟ್ಟ ಜಾಗದಲ್ಲಿ ಬಂದು ಕೂತವಳ ಕಡೆ ತಿರುಗಿ ನೋಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅದನ್ನೂ ಬರೆದಿಟ್ಟುಕೊಳ್ಳುತ್ತಿದ್ದನೇನೋ. ಮೊಣಕಾಲು ಕಿರ್ ಎನ್ನುತ್ತಿದ್ದರೂ ಅವನು ಮೆಲ್ಲಗೆ ಅವಳ ಪಕ್ಕ ಕೂತ. ಚಡ್ಡಿಯೊಳಗೆ ಮರಳು ಹೋಯಿತು. ಸುಮ್ಮನಿದ್ದ.

ಕೊನೆಯ ದಿನ ಜಗನ್ನಾಥ ಎಂಟಕ್ಕೆ ಎದ್ದ. ಚಪ್ಪರಗಳತ್ತ ಕಣ್ಣೆತ್ತಿ ನೋಡದೆ ಹೆಂಡತಿಯ ಕೈಹಿಡಿದು ನೇರ ನೀರಿಗೆ ನಡೆದ.

“ತಡೀರಿ, ಬೆನ್ನಿಗೆ ಬಿಸಿಲಿನ ಕ್ರೀಮ್ ಹಚ್ತೀನಿ” ಎಂದಳು ಪ್ರಭಾ. ಅವಳು ತುಂಬುತೋಳಿನ ಈಜುಡುಗೆ ತೊಟ್ಟು, ಮುಖಕ್ಕೆ ಸುಣ್ಣ ಬಳಿದಂತೆ ಕ್ರೀಮು ಮೆತ್ತಿಕೊಂಡಿದ್ದಳು.

“ಬ್ಯಾಡ ಬಿಡು! ಇವತ್ತು ನೇಮ ಇಲ್ಲ, ನಿಷ್ಠಿ ಇಲ್ಲ. ಹುಬ್ಬಳ್ಳಿ ಬಿಸಿಲು ಕುಡದು ಬೆಳದಾಂವ ನಾ. ನಮ್ಮ ಬಣ್ಣಕ್ಕ ಈ ಬಿಸಿಲು ಏನ್ ಮಾಡ್ತೈತಿ?” ಎಂದು ಅಂಗಿ ತೆಗೆದು ಮರಳಿಗೆ ಎಸೆದ.

ನೀರು ಸ್ನಾನದ ನೀರಿನಷ್ಟು ಹದವಾಗಿತ್ತು. ಸೊಂಟಮಟ್ಟ ನೀರಿನಲ್ಲಿ ಇಬ್ಬರೂ ನಿಂತರು. ಪ್ರಭಾ ನೀರನ್ನೇ ನೋಡುತ್ತ ಹೇಳಿದಳು:

“ಒಂದು ಮಾತು ಹೇಳ್ತೀನಿ, ಕೆಟ್ಟಾಕಿ ಅನಬ್ಯಾಡ್ರಿ. ಅಕ್ಷಯಾ ಹೋದ್ಮ್ಯಾಲೆ ಎಲ್ಲಾ ತಾಯಂದಿರೂ ಅಳ್ತಾರಂತ. ನನಗ ಅಳು ಬರವಲ್ದು. ಒಂದೊಂದು ಸಲ ಹಗುರ ಅನಸ್ತೈತಿ. ಅದಕ್ಕ ಹೆದರಿಕಿ ಆಗ್ತೈತಿ.”

ಜಗನ್ನಾಥ ಅವಳನ್ನೇ ನೋಡಿದ. “ನನಗೂ ಹಂಗ ಆಗ್ತೈತಿ, ಪ್ರಭಾ. ನಿನಗ ಹೆಂಗ ಹೇಳೂದು ಅಂತ ಸುಮ್ನಿದ್ದೆ.”

“ಏನು! ಎಂಟು ತಿಂಗಳಿಂದ?”

“ಎಂಟು ತಿಂಗಳಿಂದ.”

ಅವಳು ಅವನ ಮುಖಕ್ಕೆ ಬೊಗಸೆ ನೀರು ಎರಚಿದಳು. ಇಬ್ಬರೂ ನಕ್ಕರು. ಮಾತು ಶುರುವಾಯಿತು, ಯಾವುದರಿಂದ ಯಾವುದಕ್ಕೆ ಹೋಯಿತೋ, ಹೊಸದಾಗಿ ಸಂಬಂಧ ಕುದುರಿದವರಂತೆ ಮೂರು ತಾಸು ಮಾತಾಡಿದರು. ಗಾಳಿ ತಂಪಾಗಿ ಬೀಸುತ್ತಿತ್ತು. ಆ ಗಾಳಿಯ ಮರೆಯಲ್ಲಿ ಸೂರ್ಯ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದ್ದ.

ಅದರ ಫಲಿತಾಂಶ ಮರುದಿನ ಬೆಳಿಗ್ಗೆ ಅಂಗಿ ತೊಡುವಾಗ ಗೊತ್ತಾಯಿತು. ಭುಜ, ಬೆನ್ನು, ಎರಡೂ ಕಾದ ಹಂಚು. ಅವನ ಬಣ್ಣದ ಮೇಲೆ ಕೆಂಪು ಎದ್ದು ಕಾಣದೆ ಮಾನ ಉಳಿಯಿತು. ಹೆಂಡತಿ ಕ್ರೀಮು ಹಿಡಿದು ನಿಂತಿದ್ದಾಗ ಹುಬ್ಬಳ್ಳಿಯ ಹೆಸರು ಹೇಳಿ ಓಡಿಸಿದವನು ಈಗ ಯಾವ ಬಾಯಿಂದ ಹೇಳಿಕೊಳ್ಳಬೇಕು? ಹಲ್ಲು ಕಚ್ಚಿ ಬೆನ್ನಿಗೆ ಚೀಲ ಏರಿಸಿದ.

ಮಿಯಾಮಿಯಲ್ಲಿ ವಿಮಾನ ಬದಲಿಸಿದರು. ಮುಂದಿನದು ಸ್ಯಾನ್ ಫ್ರಾನ್ಸಿಸ್ಕೋಗೆ ಆರು ತಾಸು. ಜಗನ್ನಾಥ ಸೀಟಿಗೆ ಬೆನ್ನು ತಾಗಿಸದೆ, ಪರೀಕ್ಷೆ ಬರೆಯುವ ಹುಡುಗನಂತೆ ನೆಟ್ಟಗೆ ಕೂತ. ವಿಮಾನ ಮೇಲೇರಿ ಅರ್ಧ ತಾಸಾಗಿರಬೇಕು. ನಿದ್ದೆ ತುಂಬಿದ ಪ್ರಭಾ, ಮದುವೆಯಾದ ಹೊಸತರಲ್ಲಿ ಬಸ್ಸಿನಲ್ಲಿ ಮಾಡುತ್ತಿದ್ದಂತೆ, ಅವನ ಭುಜದ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು.

ಎಲ್ಲಿ ಹೆಚ್ಚು ಸುಟ್ಟಿತ್ತೋ ಅಲ್ಲೇ.

ಕಣ್ಣಿನಿಂದ ನೀರು ಇಳಿಯಿತು. ಆದರೆ ಎಷ್ಟು ವರ್ಷಗಳ ಮೇಲೆ ಬಂದ ತಲೆಯದು! ಅಲ್ಲಾಡಿದರೆ ಎದ್ದುಬಿಡುತ್ತಾಳೆ. ಫ್ಲೋರಿಡಾ ಹೋಯಿತು, ಟೆಕ್ಸಾಸ್ ಹೋಯಿತು, ಮರುಭೂಮಿಗಳು ಹೋದವು. ಜಗನ್ನಾಥ ಉಸಿರನ್ನೂ ಅಳೆದು ಬಿಡುತ್ತ ಕೂತೇ ಇದ್ದ. ನೀರು ತಂದ ಗಗನಸಖಿ, ಅಳುತ್ತಿರುವ ಗಂಡಸನ್ನೂ ಅವನ ಭುಜದ ಮೇಲೆ ಮಲಗಿರುವ ಹೆಂಡತಿಯನ್ನೂ ಕಂಡು, ಅದೇನು ಅರ್ಥಮಾಡಿಕೊಂಡಳೋ, ಎದೆಗೆ ಕೈಯಿಟ್ಟು ಒಂದು ಕುಕಿ ಹೆಚ್ಚಿಗೆ ಕೊಟ್ಟು ಹೋದಳು.

ಕೊಲ್ಲಿಯ ಮೇಲೆ ವಿಮಾನ ಬಾಗಿದಾಗ ಪ್ರಭಾ ಎಚ್ಚೆತ್ತಳು. “ಇಷ್ಟೊತ್ತೂ ಅಲ್ಲಾಡಲಾರ್ದ ಕುಂತಿದ್ರೇನ್ರೀ?”

“ಹೂಂ.”

“ನನ್ನ ಸಲುವಾಗಿ?” ಅವಳ ಕಣ್ಣು ತೇವವಾಯಿತು. ಉಕ್ಕಿ ಬಂದ ಪ್ರೀತಿಯನ್ನೆಲ್ಲ ಅಂಗೈಗೆ ತಂದು, “ಭಾಳ ಶಾಣ್ಯಾ ಆದ್ರಿ ಬಿಡ್ರಿ!” ಎಂದು ಅದೇ ಭುಜದ ಮೇಲೆ ಛಟೀರ್ ಎಂದು ಒಂದು ಕೊಟ್ಟಳು.

ಜಗನ್ನಾಥ ಹೊರಡಿಸಿದ ಶಬ್ದಕ್ಕೆ ಹಿಂದಿನ ಮೂರು ಸಾಲಿನವರು ಬೆಲ್ಟು ಬಿಗಿದುಕೊಂಡರು. ಪ್ರಭಾ ಅವನ ಕಾಲರು ಸರಿಸಿ ನೋಡಿದಳು. ಮೊದಲು “ಅಯ್ಯ ನನ ಶಿವನ!” ಎಂದಳು. ಆಮೇಲೆ ನಗು ಶುರುವಾಯಿತು. ವಿಮಾನ ಇಳಿದರೂ ನಿಲ್ಲಲಿಲ್ಲ.

ಏರ್‌ಪೋರ್ಟಿನಲ್ಲಿ ಸಾಮಾನು ಸುತ್ತಿ ಬರುವ ಬೆಲ್ಟಿನ ಹತ್ತಿರ ಎರಡೂ ಸೂಟ್‌ಕೇಸುಗಳನ್ನು ಅವಳೇ ಎಳೆದು ಕೆಳಗಿಳಿಸಿದಳು, ಚೀಲವನ್ನೂ ಅವಳೇ ಹೆಗಲಿಗೇರಿಸಿದಳು. ಅಂಗಿ ಮೈಗೆ ತಾಗದಂತೆ ಎರಡೂ ತೋಳು ಅಗಲಿಸಿ, ಹೊಲದ ಬೆದರುಬೊಂಬೆಯ ಹಾಗೆ ನಿಂತಿದ್ದ ಗಂಡಸನ್ನು ಪಕ್ಕದ ಅಜ್ಜಿಯೊಬ್ಬಳು ಅಡಿಯಿಂದ ಮುಡಿಯವರೆಗೆ ನೋಡಿ, ಪ್ರಭಾಳಿಗೆ ಕನಿಕರದಿಂದ ತಲೆಯಾಡಿಸಿದಳು.

“ಟ್ಯಾಕ್ಸಿ ಬರಾಕ ಹತ್ತು ನಿಮಿಷ ಐತಿ” ಎಂದು ಪ್ರಭಾ ನಗು ತಡೆದುಕೊಳ್ಳುತ್ತ ಬೆಂಚಿನ ಮೇಲೆ ಕೂತು, ಪಕ್ಕದ ಜಾಗ ತಟ್ಟಿದಳು. “ಬರ್ರಿ, ಇಲ್ಲೇ ನನ್ನ ಬಾಜೂಕ ಕುಂದರ್ರಿ.”

“ಬ್ಯಾಡ ಮಾರಾಯ್ತಿ,” ಎಂದ ಜಗನ್ನಾಥ, “ನಾ ಸೂಟ್‌ಕೇಸ್ ಕಾಯ್ತೀನಿ.”